ಸೆನ್ಸಾರಪ್ಪ

ಗಣಿ, ಕ್ವಾರಿ, ಕ್ರಷರ್ ಇರುವ ಊರಲ್ಲೆಲ್ಲ ಒಬ್ಬ ಸೆನ್ಸಾರಪ್ಪ ಇದ್ದೇ ಇರುತ್ತಾನೆ. ಸಂಡೂರು, ಹೊಸಪೇಟೆ ಕಡೆಯವರಿಗಂತೂ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ. ವಯಸ್ಸು ನಲವತ್ತೈದಕ್ಕೂ ಅರುವತ್ತಕ್ಕೂ ನಡುವೆ ಎಲ್ಲೋ ಒಂದು ಕಡೆ. ಅಂಗಿ ಕೊಂಡಾಗ ಯಾವ ಬಣ್ಣದ್ದಿತ್ತೆಂಬುದು ಅವನ ಹೆಂಡತಿಗೂ ಮರೆತಿದೆ. ಕಿವಿಯ ಮೇಲೆ ಬೀಡಿ, ಜೇಬಿನಲ್ಲಿ ಟೆಸ್ಟರ್, ಬೈಕಿನ ಡಿಕ್ಕಿಯಲ್ಲಿ ಪಾನಾಗಳು. ಲೋಡರ್ ಕೆಟ್ಟು ನಿಂತಿದೆ ಎಂದು ಫೋನ್ ಹೋದರೆ ಸಾಕು, ಬರುತ್ತಾನೆ. ಬೈಕಿಗೆ ಸ್ಟ್ಯಾಂಡ್ ಹಾಕುತ್ತಿರುವಾಗಲೇ, ಗಾಡಿಯ ಮುಖವನ್ನೂ ನೋಡದೆ ಹೇಳಿಬಿಡುತ್ತಾನೆ: "ಸೆನ್ಸಾರ್ ಹೋಗೈತಿ ಧಣಿ."

ಯಾವ ಸೆನ್ಸಾರ್ ಎಂದು ಕೇಳುವುದು ಅಧಿಕಪ್ರಸಂಗ. ಆದರೂ ಕೇಳಬೇಕಾದ ಪ್ರಶ್ನೆಯೇ ಅದು. ವೀಲ್ ಲೋಡರಿನ ಪವರ್‌ಶಿಫ್ಟ್ ಗೇರ್‌ಬಾಕ್ಸಿನಲ್ಲಿ ವೇಗ ಅಳೆಯುವ ಸೆನ್ಸಾರ್‌ಗಳೇ ನಾಲ್ಕು ಇರುವುದುಂಟು. ಎಂಜಿನ್ ವೇಗಕ್ಕೊಂದು, ಟಾರ್ಕ್ ಕನ್ವರ್ಟರ್ ದಾಟಿ ಬರುವ ಟರ್ಬೈನ್ ವೇಗಕ್ಕೊಂದು, ಒಳಗಿನ ನಡು ಗೇರಿಗೊಂದು, ಚಕ್ರಗಳ ಕಡೆ ಹೊರಡುವ ಔಟ್‌ಪುಟ್ ಶಾಫ್ಟಿಗೊಂದು. ಕಂಟ್ರೋಲರ್ ಈ ನಾಲ್ವರ ಲೆಕ್ಕ ತಾಳೆ ನೋಡಿ ಯಾವ ಕ್ಲಚ್ಚು ಹಿಡಿಯಬೇಕು, ಯಾವುದು ಬಿಡಬೇಕು ಎಂದು ತೀರ್ಮಾನಿಸುತ್ತದೆ. ಲೆಕ್ಕ ತಾಳೆಯಾಗಲಿಲ್ಲವೋ, ಇದ್ದ ಗೇರಿಗೇ ಅಂಟಿಕೊಳ್ಳುತ್ತದೆ ಅಥವಾ ನ್ಯೂಟ್ರಲ್ಲಿಗೆ ಬಂದು ಸತ್ಯಾಗ್ರಹ ಹೂಡುತ್ತದೆ. ಸೆನ್ಸಾರಪ್ಪನ ಶಾಸ್ತ್ರದಲ್ಲಿ ಇಷ್ಟೆಲ್ಲ ಭೇದವಿಲ್ಲ. ನಾಲ್ಕರಲ್ಲಿ ಯಾವುದು ಕೈಗೆ ಎಟುಕುತ್ತದೆಯೋ ಅದೇ ಕೆಟ್ಟಿರುತ್ತದೆ.

ಡಿಸ್‌ಪ್ಲೇಯಲ್ಲಿ ಕೋಡ್ ಬಂದಿರುತ್ತದೆ. ಭಾರೀ ಯಂತ್ರಗಳಲ್ಲಿ ಬಳಕೆಯಲ್ಲಿರುವ ಜೆ1939 ಪದ್ಧತಿಯಲ್ಲಿ 191 ಎಂದರೆ ಔಟ್‌ಪುಟ್ ಶಾಫ್ಟಿನ ವೇಗ. ಅಲ್ಲಿಗೆ ಅವನು ಓದುವುದನ್ನು ನಿಲ್ಲಿಸುತ್ತಾನೆ. ಅಸಲು ವಿಷಯವಿರುವುದು ಅದರ ಪಕ್ಕದ ಪುಟ್ಟ ಅಂಕಿಯಲ್ಲಿ. 5 ಎಂದಿದ್ದರೆ ಎಲ್ಲೋ ತಂತಿ ಕಡಿದಿರಬಹುದು, 3 ಇಲ್ಲವೇ 4 ಎಂದಿದ್ದರೆ ವೋಲ್ಟೇಜು ಮೇಲಕ್ಕೋ ಕೆಳಕ್ಕೋ ಹೋಗಿದೆ, 2 ಎಂದಿದ್ದರೆ ಸಿಗ್ನಲ್ಲು ಬಂದೂ ಬಾರದ ಹಾಗೆ ಆಡುತ್ತಿದೆ. ನಾನೊಮ್ಮೆ ಆ ಅಂಕಿ ತೋರಿಸಿದೆ. "ಅದು ಕಂಪನಿಯೋರ ಸೀರಿಯಲ್ ನಂಬರ್, ಬಿಡ್ರಿ" ಎಂದ.

ಅವನ ಬಳಿ ಮೀಟರೂ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಅದು ಯಾವಾಗಲೂ ಬಜರ್ ಮೇಲೇ ಇರುತ್ತದೆ. ಎರಡು ತಂತಿಯ ಮ್ಯಾಗ್ನೆಟಿಕ್ ಪಿಕಪ್ ಆದರೆ ಒಳಗಿರುವುದು ಅಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ಕಾಯಿಲ್. ಗೇರಿನ ಹಲ್ಲು ಎದುರು ಹಾದು ಹೋದಾಗಲೆಲ್ಲ ಅದೇ ಕರೆಂಟು ಹುಟ್ಟಿಸುತ್ತದೆ. ಓಮ್ ನೋಡಬಹುದು, ಶಾಫ್ಟ್ ತಿರುಗುವಾಗ ಎ.ಸಿ. ವೋಲ್ಟೇಜೂ ನೋಡಬಹುದು. ಮೂರು ತಂತಿಯ ಹಾಲ್ ಸೆನ್ಸಾರ್ ಬೇರೆ ಜಾತಿ. ಮೊದಲು ಅದಕ್ಕೆ ಸಪ್ಲೈ ಸಿಗಬೇಕು, ಆಮೇಲೆ ಅದು ಬಾಯಿ ಬಿಡುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು ಓಮ್ ನೋಡಿದರೆ ಏನೂ ತಿಳಿಯುವುದಿಲ್ಲ. ಸೆನ್ಸಾರಪ್ಪ ಬಿಚ್ಚುತ್ತಾನೆ, ಮೀಟರಿನ ಮುಳ್ಳುಗಳನ್ನು ಅದರ ಪಿನ್ನುಗಳಿಗೆ ಚುಚ್ಚುತ್ತಾನೆ, ಬಜರ್ ಕೂಗುವುದಿಲ್ಲ. ಸುತ್ತ ನಿಂತವರ ಮುಖಗಳನ್ನೊಮ್ಮೆ ನೋಡುತ್ತಾನೆ. "ಕೇಳಿಸ್ತೇನು? ಉಸುರಿಲ್ಲ."

ಬಿಚ್ಚಿದ ಸೆನ್ಸಾರಿನ ತುದಿಯಲ್ಲಿ ಕಪ್ಪು ಗಸಿಯಂಥದ್ದು ಮೆತ್ತಿಕೊಂಡಿರುತ್ತದೆ. "ನೋಡ್ರಿ, ಅದಿರಿನ ಧೂಳು. ಮ್ಯಾಗ್ನೆಟ್ ಎಳಕೊಂಡೈತಿ." ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ಅಯಸ್ಕಾಂತ ಅದರ ಗೊಡವೆಗೇ ಹೋಗುವುದಿಲ್ಲ. ಮೇಲಾಗಿ ಆ ತುದಿ ಇರುವುದು ಗೇರ್‌ಬಾಕ್ಸಿನ ಎಣ್ಣೆಯ ಒಳಗೆ. ಅಲ್ಲಿ ಮೆತ್ತಿಕೊಂಡದ್ದು ಒಳಗಿನದೇ ಗೇರು, ಬೇರಿಂಗು, ಕ್ಲಚ್ ಪ್ಲೇಟು ಸವೆದ ಉಕ್ಕಿನ ಪುಡಿ. ಸ್ವಲ್ಪವಿದ್ದರೆ ಚಿಂತೆಯಿಲ್ಲ, ಚೂರುಗಳೇ ಸಿಕ್ಕರೆ ಧಣಿ ಬ್ಯಾಂಕಿನ ಮ್ಯಾನೇಜರನ್ನು ನೆನೆಯಬೇಕು. ಸೆನ್ಸಾರಪ್ಪ ಅದನ್ನು ವೇಸ್ಟಿನಲ್ಲಿ ಒರೆಸಿ ಬಿಸಾಕುತ್ತಾನೆ. ಕ್ಲಚ್ಚು ಜಾರುತ್ತಿದ್ದರೂ ಒಳಬರುವ ವೇಗಕ್ಕೂ ಹೊರಹೋಗುವ ವೇಗಕ್ಕೂ ತಾಳೆಯಾಗದೆ ಕೋಡ್ ಬರುತ್ತದೆ. ಆಗಲೂ ಬದಲಾಗುವುದು ಸೆನ್ಸಾರೇ, ಕಳ್ಳ ಬಂದನೆಂದು ಬೊಗಳಿದ ನಾಯಿಯನ್ನೇ ಹೊಡೆದ ಹಾಗೆ.

ಹೊಸದನ್ನು ಕೂರಿಸುವುದರಲ್ಲೂ ಅವನದೇ ಘರಾನಾ. ತಿರುಪಿನ ಸೆನ್ಸಾರಾದರೆ ರಂಧ್ರದಲ್ಲಿ ಇಣುಕಿ, ಗೇರಿನ ಹಲ್ಲು ಎದುರಿಗಿದೆ, ಸಂದಲ್ಲ ಎಂದು ಖಾತ್ರಿ ಮಾಡಿಕೊಂಡು, ತಾಗುವ ತನಕ ಕೈಯಲ್ಲೇ ತಿರುಗಿಸಿ, ಪುಸ್ತಕ ಹೇಳಿದಂತೆ ಅರ್ಧವೋ ಮುಕ್ಕಾಲೋ ಸುತ್ತು ಹಿಂದಕ್ಕೆ ತಂದು ನಟ್ ಬಿಗಿಯಬೇಕು. ಉಳಿಯಬೇಕಾದ ಸಂದು ಮಿಲಿಮೀಟರಿನ ಲೆಕ್ಕದ್ದು. ಅವನು ಪಾನಾ ಹಾಕಿ ಪೂರಾ ಬಿಗಿದು, ಮೇಲೊಂದು ಹೂಂಕಾರ ಹಾಕಿ "ಅಳ್ಳಾಡಬಾರದು" ಎನ್ನುತ್ತಾನೆ. ಗಾಡಿ ಹತ್ತು ಮೀಟರ್ ಹೋಗುವಷ್ಟರಲ್ಲಿ ಹಲ್ಲುಗಳು ಸೆನ್ಸಾರಿನ ತುದಿಯನ್ನು ಅರೆದಿರುತ್ತವೆ. ಈಗ ನಿಜಕ್ಕೂ ಸೆನ್ಸಾರ್ ಹೋಗಿದೆ. ಅವನ ಮಾತು ಸುಳ್ಳಾದದ್ದನ್ನು ಯಾರೂ ಕಂಡಿಲ್ಲ ಎಂಬ ಖ್ಯಾತಿ ಬೆಳೆದದ್ದು ಹೀಗೆ.

ಅನ್ಯಾಯವಾಗಿ ಹೇಳಬಾರದು, ಅವನ ಕೈಯಲ್ಲಿ ಗಾಡಿಗಳು ರಿಪೇರಿಯೂ ಆಗುತ್ತವೆ. ಎಷ್ಟೋ ಸಲ ದೋಷವಿರುವುದು ಕನೆಕ್ಟರಿನಲ್ಲಿ. ಪ್ರೆಷರ್ ವಾಷ್ ಮಾಡಿದಾಗ ನುಗ್ಗಿದ ನೀರು, ಪಿನ್ನಿನ ಮೇಲೆ ಹಸಿರು ಕಿಲುಬು, ಸಡಿಲಾದ ಲಾಕು. ಸೆನ್ಸಾರ್ ಬದಲಿಸಬೇಕೆಂದರೆ ಕನೆಕ್ಟರ್ ಕಳಚಿ ಮತ್ತೆ ಹಾಕಲೇಬೇಕಲ್ಲ, ಆ ಉಜ್ಜಾಟದಲ್ಲೇ ಪಿನ್ನು ಸ್ವಚ್ಛವಾಗಿ ಗಾಡಿ ಓಡುತ್ತದೆ. ಕೀರ್ತಿ ಹೊಸ ಸೆನ್ಸಾರಿಗೆ. ಹಳೆಯದು, ಅಂದರೆ ಏನೂ ಆಗದೇ ಇದ್ದದ್ದು, ಸೆನ್ಸಾರಪ್ಪನ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ರಾತ್ರಿ ಡೀಸೆಲ್ಲಿನಲ್ಲಿ ತೊಳೆದು ಇಟ್ಟರೆ ಬೆಳಿಗ್ಗೆಗೆ ಅದು "ಚಾಲೂ ಗಾಡಿದು, ಒರಿಜಿನಲ್ಲು, ನಿಮಗಂತ ಇಟ್ಟೀನಿ" ಆಗುತ್ತದೆ.

ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗರನ್ನು ಕಂಡರೆ ಅವನಿಗಾಗದು. ಆ ಹುಡುಗರಲ್ಲಿ ಕೆಲವರು ನಿಜಕ್ಕೂ ಬಲ್ಲವರು. ಇನ್ನು ಕೆಲವರು ಪರದೆಯ ಮೇಲಿನ ಕೋಡ್ ಓದಿ ಅದನ್ನೇ ಪ್ರಿಂಟ್ ತೆಗೆದು ಕೊಡುತ್ತಾರೆ. ಅವರೂ ಸೆನ್ಸಾರಪ್ಪಗಳೇ, ಟೈ ಕಟ್ಟಿಕೊಂಡವರು.

ಇಷ್ಟಕ್ಕೂ ಅವನನ್ನು ಹೀಗೆ ಬೆಳೆಸಿದವರು ಧಣಿಗಳು. ಲೆಕ್ಕದ ಪುಸ್ತಕ ಬರೆಯುವವನಾದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ. ತಂತಿಯ ಉದ್ದಕ್ಕೂ ಕೈಯಾಡಿಸಿ, ಕ್ಲಾಂಪ್ ಕ್ಲಾಂಪ್ ಬಿಚ್ಚಿ, ಎಲ್ಲಿ ಸಿಪ್ಪೆ ಸುಲಿದಿದೆ, ಎಲ್ಲಿ ಇಲಿ ಕಡಿದಿದೆ ಎಂದು ಹುಡುಕುವುದಕ್ಕೆ ಅರ್ಧ ದಿನ ಬೇಕು. ಹುಡುಕಿದವನು ಕೂಲಿ ಕೇಳಿದರೆ, "ಟೇಪು ಸುತ್ತಿದ್ದಕ್ಕ ಇಷ್ಟ್ಯಾಕೋ?" ಅದೇ ಫಳಫಳ ಹೊಳೆಯುವ ಸೆನ್ಸಾರೊಂದನ್ನು ಪ್ಲಾಸ್ಟಿಕ್ ಕವರಿನ ಸಮೇತ ಕೈಗಿಟ್ಟರೆ ಸಾವಿರಗಟ್ಟಲೆ ಎಣಿಸಿಕೊಡುತ್ತಾರೆ. ಕಣ್ಣಿಗೆ ಕಾಣುವ ಸಾಮಾನಿಗೆ ರೊಕ್ಕ ಕೊಡುವವರು, ಕಾಣದ ತಲೆಗೆ ಕೊಡುವುದಿಲ್ಲ.

ಮೊನ್ನೆ ನಮ್ಮ ಯಾರ್ಡಿನ ಲೋಡರ್ ಲಾರಿ ತುಂಬುತ್ತಾ ತುಂಬುತ್ತಾ ನ್ಯೂಟ್ರಲ್ಲಿಗೆ ಬಿತ್ತು. ಸೆನ್ಸಾರಪ್ಪ ಬಂದ, ಹಾಕಿದ, ಹೋದ. ಮತ್ತೆ ಬಿತ್ತು. ಮತ್ತೆ ಬಂದ, "ಇದು ಡ್ಯೂಪ್ಲಿಕೇಟ್ ಮಾಲು" ಎಂದು ಅಂಗಡಿಯವನಿಗೆ ಫೋನಿನಲ್ಲೇ ಸಹಸ್ರನಾಮ ಹೇಳಿ ಇನ್ನೊಂದು ಹಾಕಿದ. ಆಪರೇಟರ್ ಹುಡುಗ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು ಮೊದಲ ದಿನದಿಂದಲೂ ಒಂದೇ ಮಾತು ಹೇಳುತ್ತಿದ್ದ:

"ಕಾಕಾ, ಎಡಕ್ಕ ತಿರುಗಿದಾಗ ಅಷ್ಟ ಬೀಳತೈತಿ."

"ಹಂಗಾರ ಎಡಕ್ಕ ತಿರುಗಬ್ಯಾಡ."

ಲಾರಿ ನಿಲ್ಲುವುದು ಎಡಕ್ಕೇ. ಕಡೆಗೆ ಹುಡುಗನೇ ಗಾಡಿಯ ನಡುವಿನ ಕೀಲಿನ ಹತ್ತಿರ ತಲೆ ತೂರಿಸಿ, ಗೆಳೆಯನಿಗೆ ಸ್ಟೀರಿಂಗ್ ತಿರುಗಿಸಲು ಹೇಳಬೇಕೆಂದು ಹೊರಟ. ಅಲ್ಲಿ ತಲೆ ಸಿಕ್ಕಿಕೊಂಡರೆ ಮುಗಿಯಿತು, ಎಂಜಿನ್ ಆಫ್ ಮಾಡಿ ಲಾಕ್ ಪಿನ್ ಹಾಕೋ ಎಂದು ನಾನು ಕೂಗಿದೆ. ಹಾಕಿ, ಬ್ಯಾಟರಿ ದೀಪ ಹಿಡಿದು ನೋಡಿದ. ಸ್ಟೀರಿಂಗಿನ ದಪ್ಪ ಹೋಸ್ ಬಾಗುವ ಜಾಗದಲ್ಲಿ ಕ್ಲಾಂಪ್ ಮುರಿದಿತ್ತು. ಗೇರ್‌ಬಾಕ್ಸಿನಿಂದ ಬರುವ ತಂತಿಯ ಕಟ್ಟಿಗೆ ಹೋಸ್ ಉಜ್ಜಿ ಉಜ್ಜಿ, ತಾಮ್ರ ಹೊಳೆಯುತ್ತಿತ್ತು.

ಸೆನ್ಸಾರಪ್ಪ ಬಗ್ಗಿ ನೋಡಿದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಮತ್ತ, ಹಿಂಗ ತಂತಿ ಹೋದ್ರ ಸೆನ್ಸಾರ್ ಉಳೀತೈತೇನು?" ಎಂದು ಹುಡುಗನನ್ನೇ ಗದರಿ, ತಂತಿಗೆ ಬೆಸುಗೆ ಹಾಕಿಸಿ, ಟೇಪು ತಾನೇ ಅಚ್ಚುಕಟ್ಟಾಗಿ ಸುತ್ತಿ, ಹೊಸ ಕ್ಲಾಂಪ್ ಬಿಗಿದ. ಗಾಡಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಗೇರ್ ಬೀಳಲಿಲ್ಲ. ಧಣಿ ಬಿಲ್ಲು ನೋಡಿ ಹುಬ್ಬೇರಿಸಿದರು. ಎರಡು ಸೆನ್ಸಾರಿನ ಬೆಲೆ ಇತ್ತು, ತಂತಿಯ ಕೆಲಸಕ್ಕೆ ಏನೂ ಬರೆದಿರಲಿಲ್ಲ.

"ಟೇಪು ಸುತ್ತಿದ್ದಕ್ಕ ರೊಕ್ಕ ತಗೊಂಡ್ರ ನೀವ ಬೈತೀರಿ ಧಣಿ," ಎಂದ ಸೆನ್ಸಾರಪ್ಪ, ಕಿವಿಯ ಮೇಲಿನ ಬೀಡಿ ತೆಗೆಯುತ್ತಾ. "ಸೆನ್ಸಾರಿಂದು ಅಷ್ಟ ಕೊಡ್ರಿ."