ಕೂತು ಕಲಿಯುವ ವಾಗ್ಮಿತೆ

ಸಭಾಕಂಪನವೆಂದರೆ, ಮನೆಯಲ್ಲಿ ಯಾರಿಗೂ ಬಾಯಿಬಿಡಲು ಅವಕಾಶ ಕೊಡದ ವ್ಯಕ್ತಿಗೆ ಮೈಕಿನ ಮುಂದೆ ನಿಂತೊಡನೆ ಗಂಟಲು ಒಣಗಿ, ಮೊಣಕಾಲು ನಡುಗಿ, ಕಂಠಪಾಠ ಮಾಡಿದ್ದೆಲ್ಲ ಮರೆತುಹೋಗುವ ಅವಸ್ಥೆ. ವಿದ್ಯೆ, ಪದವಿ, ಸಂಬಳಗಳ ತಾರತಮ್ಯವೆಣಿಸದ ಕೆಲವೇ ಕಾಯಿಲೆಗಳಲ್ಲಿ ಇದೂ ಒಂದು. ಅಭ್ಯಾಸವೇ ಇದಕ್ಕೆ ಮದ್ದೆನ್ನುವವರು ಪ್ರಾಚೀನ ಗ್ರೀಸಿನ ಡೆಮಾಸ್ತನೀಸನನ್ನು ತಪ್ಪದೆ ಸಾಕ್ಷಿಗೆ ಕರೆಯುತ್ತಾರೆ. ಪ್ಲುಟಾರ್ಕನ ಪ್ರಕಾರ ಅವನು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತು ತಿದ್ದಿಕೊಂಡನಲ್ಲದೆ, ನೆಲಮಾಳಿಗೆಯ ಅಭ್ಯಾಸ ಬಿಟ್ಟು ಹೊರಗೆ ತಿರುಗಲು ನಾಚಿಕೆಯಾಗಲೆಂದು ಅರ್ಧ ತಲೆ ಬೋಳಿಸಿಕೊಂಡನು. ಇಷ್ಟೆಲ್ಲ ಆದ ಮೇಲೂ ಕ್ರಿ.ಪೂ. 346ರಲ್ಲಿ ಮ್ಯಾಸಿಡೋನಿಯದ ದೊರೆ ಫಿಲಿಪ್ಪನೆದುರು ಅವನ ಮಾತು ನಡುವೆಯೇ ನಿಂತಿತೆಂದು ಈಸ್ಕಿನೀಸನು ಹೇಳಿದ್ದಾನೆ. ಈಸ್ಕಿನೀಸನು ಅವನ ಎದುರಾಳಿಯಾದ್ದರಿಂದ ಇದನ್ನು ಅರ್ಧವೇ ನಂಬಿದರೂ, ಏಕಾಂತದ ಅಭ್ಯಾಸದ ಕೊರತೆಯೇನೆಂಬುದು ಇದರಿಂದ ತಿಳಿಯುತ್ತದೆ: ನೆಲಮಾಳಿಗೆಯ ಗೋಡೆ ಮಾರ್ದನಿಗೊಟ್ಟೀತೇ ಹೊರತು ಮರುಪ್ರಶ್ನೆ ಹಾಕುವುದಿಲ್ಲ.

ಮರುಪ್ರಶ್ನೆಯನ್ನೇ ಪಾಠಕ್ರಮವಾಗಿಸಿಕೊಂಡ ವಿದ್ಯಾಲಯವೆಂದರೆ ಕರಾವಳಿ ಮತ್ತು ಮಲೆನಾಡುಗಳ ತಾಳಮದ್ದಳೆ. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದು ಹಾಡು ಮತ್ತು ಮಾತುಗಳನ್ನಷ್ಟೇ ಉಳಿಸಿಕೊಂಡ ಈ ಕಲೆ, ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ವಿಶೇಷವಾಗಿ ಮೈದುಂಬುತ್ತದೆ. ಭಾಗವತರು ಪ್ರಸಂಗದ ಪದ್ಯ ಹಾಡಿದ ಮೇಲೆ ಅದರ ಭಾವವನ್ನು ಪಾತ್ರವೇ ತಾನಾಗಿ ಆಶುವಾಗಿ ವಿಸ್ತರಿಸುವವನು ಅರ್ಥಧಾರಿ. ಅವನ ಕೈಯಲ್ಲಿ ಬರೆದ ಸಂಭಾಷಣೆಯಿರುವುದಿಲ್ಲ, ಎದುರು ಕೂತವನು ಏನು ಕೇಳುವನೆಂಬ ಸುಳಿವೂ ಇರುವುದಿಲ್ಲ. ಆದರೆ ಅವನು ಕೂತೇ ಮಾತನಾಡುವುದರಿಂದ, ಸಭಾಕಂಪನದ ಮುಖ್ಯ ಕಾರ್ಯಕ್ಷೇತ್ರವಾದ ಮೊಣಕಾಲುಗಳು ಆರಂಭದಲ್ಲೇ ನಿರುದ್ಯೋಗಿಗಳಾಗುತ್ತವೆ.

ಹೊಸಬನಿಗೆ ಮೊದಲು ದೊರೆಯುವುದು ದೂತನಂಥ ಸಣ್ಣ ಪಾತ್ರ. ಸುದ್ದಿ ತಂದು, ಬೈಸಿಕೊಂಡು, ಹಿಂದಿರುಗುವುದಷ್ಟೇ ಅವನ ಹೊಣೆಯಾದ್ದರಿಂದ ಅಲ್ಲಿ ತಡವರಿಸಿದರೂ ಅದು ದೂತನ ಭಯಭಕ್ತಿಯೆಂದೇ ಪರಿಗಣಿತವಾಗುತ್ತದೆ. ಕ್ರಮೇಣ ಪೀಠಿಕೆ, ಅಂದರೆ ಪಾತ್ರವು ತನ್ನ ನಿಲುವನ್ನು ತಾನೇ ಪರಿಚಯಿಸಿಕೊಳ್ಳುವ ಮೊದಲ ಮಾತು, ಕೈವಶವಾದ ಮೇಲೆ ಅವನು ವಾಲಿಯಂಥ ಪಾತ್ರಗಳಿಗೆ ಏರುತ್ತಾನೆ. ವಾಲಿಯ ಅರ್ಥಕ್ಕೆ ಹೆಸರಾಗಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಮರೆಯಿಂದ ಬಾಣ ಬಿಟ್ಟ ಧರ್ಮ ಯಾವುದೆಂದು ಕೇಳತೊಡಗಿದರೆ ಎದುರಿನ ರಾಮನಿಗೆ ಬಿಲ್ಲು ಬಾಣಗಳಿಂದ ಯಾವ ಉಪಯೋಗವೂ ಇರಲಿಲ್ಲ. ಹಾಗೆಂದು ವಾದ ಗೆದ್ದ ವಾಲಿ ಬದುಕುವಂತಿಲ್ಲ. ತರ್ಕದಲ್ಲಿ ರಾಮನನ್ನು ಕಟ್ಟಿಹಾಕಿದವನೂ ಪದ್ಯ ಬಂದೊಡನೆ ಶಿಸ್ತಾಗಿ ಸಾಯಬೇಕು. ಸಭೆಯ ಭಯವು ಬಹುಪಾಲು ಸೋಲಿನ ಭಯವೇ ಆಗಿರುವುದರಿಂದ, ಕೂಟದಿಂದ ಕೂಟಕ್ಕೆ ಸಾರ್ವಜನಿಕವಾಗಿ ಸೋತು, ಸತ್ತು, ಬಳಿಕ ಎದ್ದು ಕಾಫಿ ಕುಡಿಯುವವನಿಗೆ ಧೈರ್ಯ ತಾನಾಗಿಯೇ ಬರುತ್ತದೆ.

ಧೈರ್ಯ ಬಂದ ಮೇಲಿನ ಅಪಾಯಕ್ಕೂ ಇಲ್ಲಿ ಪರಿಹಾರವಿದೆ. ಮಾತು ಎಲ್ಲೆ ಮೀರಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ಮದ್ದಳೆ ದನಿಗೂಡಿಸುತ್ತದೆ, ದುರ್ಯೋಧನನಾದರೂ ಬಾಯಿಮುಚ್ಚಲೇಬೇಕಾಗುತ್ತದೆ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ, ಇಂದು ಬೆಂಗಳೂರಿನಲ್ಲೂ ನಡೆಯುವ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇದೇ ಕೆಲಸಕ್ಕೆ ಹಸಿರು, ಹಳದಿ, ಕೆಂಪು ಸಂಕೇತಗಳನ್ನು ಬಳಸುತ್ತವೆ. ನಮ್ಮ ಸಾಮಾನ್ಯ ಸಭೆಗಳಲ್ಲಾದರೋ ಇರುವುದು ನಿರೂಪಕರು ನಡುಗುವ ಕೈಯಿಂದ ದಾಟಿಸುವ ಚೀಟಿ ಮಾತ್ರ. ಅಭ್ಯಾಸಬಲವುಳ್ಳ ಭಾಷಣಕಾರ ಅದನ್ನು ಓದದೆ ಜೇಬಿಗಿಳಿಸಿ, ಎರಡೇ ಮಾತಿನಲ್ಲಿ ಮುಗಿಸುವುದಾಗಿ ಘೋಷಿಸಿ, ಸ್ವಾತಂತ್ರ್ಯಪೂರ್ವ ಕಾಲದಿಂದ ಮತ್ತೆ ಆರಂಭಿಸುತ್ತಾನೆ. ಸಭಿಕರು ಬೇಸತ್ತು ತಟ್ಟಿದ ಚಪ್ಪಾಳೆಯನ್ನೂ ಅವನು ಪ್ರೋತ್ಸಾಹವೆಂದೇ ಸ್ವೀಕರಿಸುತ್ತಾನೆ. ಆದ್ದರಿಂದ ಸಂಘಟಕರು ಇನ್ನು ಮುಂದೆ ಮುಖ್ಯ ಅತಿಥಿಗಳ ಜೊತೆಗೆ ಒಬ್ಬ ಭಾಗವತರನ್ನೂ ಆಹ್ವಾನಿಸುವುದು ಲೇಸು. ಅವರ ಸಂಭಾವನೆ ಎಷ್ಟೇ ಆದರೂ, ಸಾರು ಆರುವ ಮೊದಲೇ ಊಟಕ್ಕೇಳುವ ಭಾಗ್ಯದ ಮುಂದೆ ಅದು ದುಬಾರಿಯೆನಿಸದು.