ಮೂರನೆಯ ವಾರದ ವೈದ್ಯರು

ಬಾಯಿ ಸೊಟ್ಟಗಾದವರ ಮನೆಯಲ್ಲಿ ‘ಕಾರಣ ಗೊತ್ತಿಲ್ಲ’ ಎನ್ನುವವರು ಡಾಕ್ಟರೊಬ್ಬರೇ. ಮಿಕ್ಕವರಿಗೆಲ್ಲ ಗೊತ್ತಿರುತ್ತದೆ. ನನ್ನ ಸೋದರಮಾವ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಎಡಗಡೆಯಿಂದ ಸೋರಿ ಬನಿಯನ್ನು ತೊಯ್ದುಹೋಯಿತು. “ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಬೇಕು ಅಂದಿರಲ್ಲ, ಅದೇ ಶೀತಗಾಳಿ” ಎಂದು ಅತ್ತೆ ತೀರ್ಪು ಕೊಟ್ಟರು. ಪಕ್ಕದ ಮನೆಯವರು ದೃಷ್ಟಿ ಎಂದರು. ಪಂಚಾಂಗ ನೋಡುವ ಹಿರಿಯರೊಬ್ಬರು, ಇದು ವಾತ, ಆಯುರ್ವೇದದಲ್ಲಿ ಇದನ್ನು ಅರ್ದಿತ ಎಂದಿದ್ದಾರೆ ಎಂದರು. ಹಾಲಿನವನು ಮಾತ್ರ ಯಾವ ಪೀಠಿಕೆಯೂ ಇಲ್ಲದೆ “ಲಕ್ವ” ಅಂದ. ಅದನ್ನು ಕೇಳಿ ಮಾವನ ಉಳಿದರ್ಧ ಮುಖವೂ ಬಿದ್ದುಹೋಯಿತು.

ಡಾಕ್ಟರು ಮೊದಲು ಹೇಳಿದ್ದು “ಹುಬ್ಬು ಮೇಲೆತ್ತಿ” ಎಂದು. ಬಲ ಹಣೆಯಲ್ಲಿ ಗೆರೆ ಮೂಡಿತು, ಎಡ ಹಣೆ ನುಣ್ಣಗೇ ಉಳಿಯಿತು. ಡಾಕ್ಟರ ಮುಖ ಅರಳಿತು. ಹಣೆಗೆ ಮಿದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಮಿದುಳಿನಲ್ಲಿ ಪೆಟ್ಟಾದರೆ ಸಾಮಾನ್ಯವಾಗಿ ಹಣೆಯ ಗೆರೆ ಉಳಿದುಕೊಂಡು ಮುಖದ ಕೆಳಭಾಗವಷ್ಟೇ ಜೋತುಬೀಳುತ್ತದೆ. ಹಣೆಯೂ ಮುಷ್ಕರ ಹೂಡಿದರೆ ತಪ್ಪು ಮಿದುಳಿನಿಂದಾಚೆ, ಮುಖದ ನರದಲ್ಲಿ. ಮಾವನ ವಯಸ್ಸಿನಲ್ಲಿ ಹಣೆ ನುಣ್ಣಗಿದೆ ಎಂದು ಯಾರಾದರೂ ಸಂತೋಷಪಟ್ಟದ್ದು ಅದೇ ಮೊದಲು.

ಆಮೇಲೆ ಕೈಕಾಲಿನ ಬಲ ನೋಡಿದರು. ಸರ್ಪಸುತ್ತಿನ ವೈರಸ್ಸಿನ ಗುಳ್ಳೆ ಇದೆಯೇ ಎಂದು ಕಿವಿಯೊಳಗೆ ಬೆಳಕು ಬಿಟ್ಟರು. ಕಿವಿ ಸೋರಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ಬಾಯಿ ಒಮ್ಮೆಲೇ ಸೊಟ್ಟಗಾಯಿತೇ ಅಥವಾ ವಾರಗಟ್ಟಲೆ ನಿಧಾನವಾಗಿಯೇ ಎಂದು ಕೇಳಿದರು. ನಿಧಾನವಾಗಿ ಬಂದರೆ ಗಡ್ಡೆಯ ಅನುಮಾನ. ಸಕ್ಕರೆ ಕಾಯಿಲೆಯವರಲ್ಲಿ ಹೀಗೆ ಬಾಯಿ ಸೊಟ್ಟಗಾಗುವುದು ಹೆಚ್ಚೆಂದು ರಕ್ತವನ್ನೂ ತೆಗೆಸಿದರು. ಎಲ್ಲಕ್ಕೂ ‘ಇಲ್ಲ’ ಎಂದಾದ ಮೇಲೆ ಉಳಿದದ್ದು ಬೆಲ್ಸ್ ಪಾಲ್ಸಿ, ಅಂದರೆ ಕಾರಣ ಗೊತ್ತಿಲ್ಲದೆ ಮುಖದ ನರ ಸೋಲುವ ಕಾಯಿಲೆ.

ಬೆಲ್ ಎಂದರೆ ಚಾರ್ಲ್ಸ್ ಬೆಲ್, ಸ್ಕಾಟ್ಲೆಂಡಿನ ಶಸ್ತ್ರವೈದ್ಯ. 1815ರಲ್ಲಿ ವಾಟರ್ಲೂ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದವನು. ಒಳ್ಳೆಯ ಚಿತ್ರಕಾರ, ಮುಖಭಾವಗಳ ಅಂಗರಚನೆಯ ಬಗ್ಗೆ ಕಲಾವಿದರಿಗೆಂದೇ 1806ರಲ್ಲಿ ಪುಸ್ತಕ ಬರೆದ. ಮುಖದ ನರಗಳ ಬಗ್ಗೆ 1821ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದ. ಅವನಿಗಿಂತ ಮುಂಚೆಯೇ, 1798ರಲ್ಲಿ, ಜರ್ಮನಿಯ ಫ್ರೀಡ್ರೈಕ್ ಈ ಕಾಯಿಲೆಯನ್ನು ವರ್ಣಿಸಿದ್ದ. ಅದಕ್ಕೂ ಶತಮಾನಗಳ ಹಿಂದೆ ಪರ್ಷಿಯಾದ ಅಲ್ ರಾಝಿ ಬರೆದಿಟ್ಟಿದ್ದ. ಆದರೂ ಹೆಸರು ಬೆಲ್‌ನ ಪಾಲಾಯಿತು. ಈ ಕಾಯಿಲೆಯಲ್ಲಿ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಗೊಂದಲ ಶುರುವಾದದ್ದೇ ಅಲ್ಲಿಂದ ಇರಬೇಕು.

ಮುಖದ ಈ ನರ, ಅಂದರೆ ಮಿದುಳಿನಿಂದ ಹೊರಡುವ ಏಳನೆಯ ನರ, ಕಿವಿಯ ಹಿಂದಿನ ಮೂಳೆಯಲ್ಲಿ ಇಕ್ಕಟ್ಟಾದ ಸುರಂಗವೊಂದನ್ನು ಹಾದು ಬರುತ್ತದೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ಅಲ್ಲೆಲ್ಲೋ ಮಲಗಿದ್ದದ್ದು ಎದ್ದು ನರ ಊದಿಸುತ್ತದೆ ಎಂಬುದು ವೈದ್ಯರ ಬಲವಾದ ಗುಮಾನಿ. ಹಳೆಯ ಮನೆಯ ಬಾಗಿಲಲ್ಲಿ ಹೊಸ ಬೀರು ಸಿಕ್ಕಿಕೊಂಡಂತೆ, ಊದಿದ ನರ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮಾವನಿಗೆ ಎಡಗಣ್ಣು ಮುಚ್ಚಲಾಗದು. ಮುಚ್ಚಲು ಹೋದರೆ ಗುಡ್ಡೆ ಮೇಲಕ್ಕೆ ಹೊರಳುವುದು. ಕಿವಿಯೊಳಗೆ ಸದ್ದು ತಗ್ಗಿಸುವ ಪುಟ್ಟ ಸ್ನಾಯುವೂ ಈ ನರದ ಅಧೀನವೇ ಆದ್ದರಿಂದ ಕುಕ್ಕರಿನ ಸೀಟಿ ಆ ಕಿವಿಗೆ ರೈಲಿನ ಸೀಟಿಯಾಯಿತು. ನಾಲಿಗೆಯ ಅರ್ಧಕ್ಕೆ ರುಚಿ ಹೋಗಿ, ಅತ್ತೆಯ ಸಾರಿನ ಬಗ್ಗೆ ಮಾವ ಮೊದಲ ಬಾರಿ ಧೈರ್ಯದಿಂದ ಅಭಿಪ್ರಾಯ ಹೇಳಿದರು.

ಡಾಕ್ಟರು ಪ್ರೆಡ್ನಿಸೊಲೋನ್ ಮಾತ್ರೆ ಬರೆದರು, ಮೂರು ದಿನದೊಳಗೆ ಬಂದದ್ದು ಒಳ್ಳೆಯದಾಯಿತು ಎಂದರು. ಕಣ್ಣು ಒಣಗದಂತೆ ಹಗಲು ಹನಿ, ರಾತ್ರಿ ಪಟ್ಟಿ. ಜೊತೆಗೆ ಮನೆಯಲ್ಲಿ ಎಣ್ಣೆ ತಿಕ್ಕುವುದು ನಡೆಯಿತು, ಮಂತ್ರಿಸಿದ ದಾರ ಬಂತು. ಬಲೂನು ಊದಿ ಎಂದವರೊಬ್ಬರು. ಪಾರಿವಾಳದ ಮಾಂಸ ತಿನ್ನಿ ಎಂದವರನ್ನು ಅತ್ತೆ ಗೇಟಿನಿಂದಲೇ ಕಳಿಸಿದರು.

ಮೂರನೆಯ ವಾರದ ಕೊನೆಗೆ ಬಾಯಂಚು ಅಲುಗಿತು. ಅಷ್ಟೇ, ಹಕ್ಕುದಾರರು ಮುಗಿಬಿದ್ದರು. ಎಣ್ಣೆಯವರು ಎಣ್ಣೆ ಎಂದರು, ದಾರದವರು ದಾರ ಎಂದರು. ಡೆನ್ಮಾರ್ಕಿನ ಪೈಟರ್ಸನ್ ಎಂಬ ವೈದ್ಯರು ಮದ್ದೇ ಕೊಡದ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಇದೆ: ನೂರರಲ್ಲಿ ಸುಮಾರು 85 ಮಂದಿಗೆ ಮೂರು ವಾರದೊಳಗೆ ಚೇತರಿಕೆ ಶುರು, 70ರಷ್ಟು ಮಂದಿ ಪೂರ್ತಿ ಗುಣ. ಅಂದರೆ ಮೊದಲ ವಾರ ಏನು ಕೊಟ್ಟವರೂ ಮೂರನೆಯ ವಾರ ಧನ್ವಂತರಿಗಳೇ. ಹಾಗಾದರೆ ಮಾತ್ರೆಯೂ ದಾರದ ಸಾಲಿಗೇ ಸೇರಿತೇ? ಇಲ್ಲ. ಬೆಲ್‌ನ ಸ್ಕಾಟ್ಲೆಂಡಿನಲ್ಲೇ ಹೋಲಿಸಿ ನೋಡಿದರು. 2007ರ ಆ ವರದಿಯಂತೆ ಒಂಬತ್ತು ತಿಂಗಳಿಗೆ, ಪ್ರೆಡ್ನಿಸೊಲೋನ್ ನುಂಗಿದವರಲ್ಲಿ ನೂರಕ್ಕೆ 94 ಮಂದಿ ಗುಣವಾದರೆ ನುಂಗದವರಲ್ಲಿ 82. ದಾರವನ್ನು ಹೀಗೆ ಪರೀಕ್ಷೆಗೆ ಕೂರಿಸಲು ನಮ್ಮ ಬೀದಿಯಲ್ಲಿ ಯಾರೂ ಒಪ್ಪಲಿಲ್ಲ.

ಮಾವ ಸರಿಹೋಗಲು ತಿಂಗಳುಗಳೇ ಹಿಡಿದವು. ಒಂದು ಬಾಕಿಯೂ ಉಳಿಯಿತು. ನರ ಮತ್ತೆ ಬೆಳೆಯುವಾಗ ಬಾಯಿಗೆ ಹೋಗಬೇಕಾದ ಎಳೆಗಳು ಕೆಲವರಲ್ಲಿ ದಾರಿ ತಪ್ಪಿ ಕಣ್ಣಿಗೆ ಸೇರುತ್ತವೆ. ಹೀಗಾಗಿ ಮಾವ ನಕ್ಕರೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅರವತ್ತು ದಾಟಿದವರು ಮದುವೆ ಮನೆಯಲ್ಲಿ ಗುರುತಿಲ್ಲದ ಹೆಂಗಸರಿಗೆ ನಗುನಗುತ್ತಾ ಕಣ್ಣು ಹೊಡೆದರೆ ಹೇಗಿರುತ್ತದೆ? ಅತ್ತೆ ಪಕ್ಕದಲ್ಲೇ ನಿಂತು “ನರದ ತೊಂದರೆ” ಎಂದು ವ್ಯಾಖ್ಯಾನ ಕೊಡುತ್ತಿರುತ್ತಾರೆ. ಬಾಯಿ ನೆಟ್ಟಗಾದದ್ದು ಎಣ್ಣೆಯಿಂದಲೋ ದಾರದಿಂದಲೋ ಎಂಬ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ. ಆ ಕಣ್ಣಿನ ವಿಷಯದಲ್ಲಿ ಮಾತ್ರ ಎರಡೂ ಪಕ್ಷ ಒಂದು: ಅದು ಡಾಕ್ಟರ ಮಾತ್ರೆಯಿಂದಲೇ ಆದದ್ದಂತೆ.