ಬಾನೆಟ್ಟಿನ ಮೇಲೆ ಕಟಿಂಗ್ ಚಹಾ

ಅಂಧೇರಿ ಪಶ್ಚಿಮದ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ, ನೀರಿನ ಟ್ಯಾಂಕಿಯ ಪಕ್ಕಕ್ಕೆ, ಕೆನೆ ಬಣ್ಣದ ಒಂದು ಪ್ರೀಮಿಯರ್ ಪದ್ಮಿನಿ ನಿಂತಿದೆ. ನಿಂತಿದೆ ಎಂಬುದನ್ನು ಸ್ವಲ್ಪ ಒತ್ತಿ ಓದಬೇಕು. ಅದು ನಿಂತ ವರ್ಷ ಬಾಲವಾಡಿಗೆ ಸೇರಿದ ಹುಡುಗರು ಈಗ ಲೈಸೆನ್ಸ್ ಮಾಡಿಸಿಕೊಂಡು ಬಂದು ಪೇಡೆ ಹಂಚುತ್ತಿದ್ದಾರೆ. ಕೆಳಮಹಡಿಯ ರಾಯರು ಅದರ ಯಜಮಾನರು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅದರ ಮುಖ ಒರೆಸುತ್ತಾರೆ, ಒಳಗೆ ಕೂತು ಐದು ನಿಮಿಷ ಪೇಪರ್ ಓದುತ್ತಾರೆ, ಹೊರಗೆ ಬಂದು ಬಾಗಿಲನ್ನು ಧಡಾರನೆ ಹಾಕುತ್ತಾರೆ. ಮೆಲ್ಲಗೆ ಹಾಕಿದರೆ ಅದು ಕೂರುವುದಿಲ್ಲ. ಆ ಸದ್ದು ಕೇಳಿದ ಮೇಲೆಯೇ ನಮ್ಮ ಬಿಲ್ಡಿಂಗಿನಲ್ಲಿ ಕುಕ್ಕರ್ ಏರುವುದು.

ಭಾನುವಾರ ಮಾತ್ರ ಕಾರು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದರ ಬಾನೆಟ್ಟಿನ ಮೇಲೆ ಕಟಿಂಗ್ ಚಹಾದ ಐದಾರು ಗ್ಲಾಸುಗಳು ಆರಾಮಾಗಿ ನಿಲ್ಲುತ್ತವೆ. ಈಗಿನ ಕಾರುಗಳ ಬಾನೆಟ್ಟು ಶಾಲೆಯ ಜಾರುಬಂಡಿ ಇದ್ದ ಹಾಗೆ, ಗ್ಲಾಸು ಇಟ್ಟರೆ ನೆಟ್ಟಗೆ ಬಂಪರಿಗೆ. ಹೀಗಾಗಿ ನಮ್ಮ ಸಭೆ ಬೇರೆಲ್ಲೂ ಸೇರುವಂತಿಲ್ಲ. ಸಭೆಗೆ ಕಾಯಂ ಬರುವವರು ರಾಯರು, ಪಕ್ಕದ ಹೋಟೆಲಿನ ಶೆಟ್ರು, ಮೂರನೇ ಮಹಡಿಯ ಗುಜರಾತಿ ಭಾಯಿ, ನನ್ನ ಭಾವನ ಮಗ ಮತ್ತು ನಾನು. ಗೇಟಿನಲ್ಲಿ ರಿಕ್ಷಾ ನಿಲ್ಲಿಸಿಕೊಳ್ಳುವ ಭೈಯಾ ಆಹ್ವಾನಿತ ಸದಸ್ಯ. ಸದಸ್ಯರಾಗಲು ಕಾರು ಇರಲೇಬೇಕೆಂದಿಲ್ಲ, ಅಭಿಪ್ರಾಯ ಇದ್ದರೆ ಸಾಕು. ಶೆಟ್ರಿಗೆ ಸ್ವಂತ ಕಾರೇ ಇಲ್ಲ. ಆದ್ದರಿಂದ ಅವರ ಅಭಿಪ್ರಾಯಗಳಿಗೆ ಯಾವ ಕಂಪನಿಯ ಹಂಗೂ ಇಲ್ಲ.

ಅಂಧೇರಿಯಲ್ಲಿ ಕಾರು ಓಡಿಸುವುದಕ್ಕಿಂತ ಕಾರಿನ ಬಗ್ಗೆ ಮಾತಾಡುವುದು ಸುಖ. ಸಂಜೆ ಆರರ ಮೇಲೆ ಎಸ್.ವಿ. ರೋಡಿನಲ್ಲಿ ನನ್ನ ವ್ಯಾಗನ್-ಆರ್ ಎರಡನೇ ಗೇರಿಗೆ ಬಿದ್ದರೆ ಮನೆಗೆ ಬಂದು ಹೆಂಡತಿಗೆ ಹೇಳುವಷ್ಟು ದೊಡ್ಡ ಸುದ್ದಿ. ಮೂರು, ನಾಲ್ಕು, ಐದನೇ ಗೇರುಗಳು ದೀಪಾವಳಿಗೆ ಊರಿಗೆ ಹೋಗುವಾಗ ಮಾತ್ರ ಹೊರಗೆ ಬರುತ್ತವೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಪಂಚೆಯ ಹಾಗೆ. ಈ ವ್ಯಾಗನ್-ಆರ್ ತಂದ ದಿನ ಶೆಟ್ರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂತದು ಮಾರಾಯ್ರೆ, ಗೋದ್ರೇಜ್ ಕಪಾಟಿಗೆ ಚಕ್ರ ಹಾಕಿದ್ದಾ?" ಎಂದು ಕೇಳಿದ್ದರು. ನನಗೆ ಬೇಸರವಾಗಲಿಲ್ಲ. ಕಪಾಟಿನೊಳಗೆ ಜಾಗ ಇರುತ್ತದೆ.

ರಾಯರ ಪ್ರಕಾರ ಕಾರು ಎಂದರೆ ಪದ್ಮಿನಿ, ಉಳಿದದ್ದೆಲ್ಲ ವಾಹನ. ಅದೂ ಅವರಿಗೆ ಅದು ಕನ್ನಡಿಗರ ಕಾರು. ಹೊಸಬರು ಯಾರಾದರೂ ಸಿಕ್ಕಿದರೆ ಇದನ್ನು ಸಾಧಿಸಿ ತೋರಿಸದೆ ಬಿಡುವುದಿಲ್ಲ: "ನಮ್ಮ ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಎಲ್ಲ ತಿರುಗಿ, ಕಾರಿನ ಕಾರ್ಖಾನೆ ನೋಡಿ ಬಂದು, ಬೊಂಬಾಯಿಯಲ್ಲಿ ಒಂದು ಆಗಬೇಕು ಅಂತ ಯೋಜನೆ ಬರೆದುಕೊಟ್ಟರು. ಬ್ರಿಟಿಷ್ ಸರಕಾರ ಕೊಕ್ಕೆ ಹಾಕಿತು. ಆಮೇಲೆ ವಾಲಚಂದ್ ಹೀರಾಚಂದರು ಹಟ ಹಿಡಿದು 1944ರಲ್ಲಿ ಪ್ರೀಮಿಯರ್ ಕಂಪನಿ ಮಾಡಿದರು, ಕುರ್ಲಾದಲ್ಲಿ ಕಾರ್ಖಾನೆ ಹಾಕಿದರು. ಬೀಜ ಯಾರದ್ದು? ಮುದ್ದೇನಹಳ್ಳಿಯವರದ್ದು!" ಮಾಹೀಮಿನ ಕರ್ನಾಟಕ ಸಂಘದ ಕಟ್ಟಡಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟದ್ದೂ ಇದೇ ಕಾರಣಕ್ಕೆ ಎಂಬುದು ರಾಯರ ಗುಮಾನಿ. ಇದು ಮಾತ್ರ ನಾನು ಒಪ್ಪಿಲ್ಲ. ಅಣೆಕಟ್ಟು ಕಟ್ಟಿಸಿದವರಿಗೆ ಅಷ್ಟು ಸಣ್ಣ ಕಾರಣ ಬೇಕಾಗಿರಲಿಲ್ಲ.

ಕುರ್ಲಾದಿಂದ ಬಂದ ಫಿಯಟ್ಟುಗಳ ವಂಶಾವಳಿಯೂ ರಾಯರಿಗೆ ಬಾಯಿಪಾಠ. ಐವತ್ತರ ದಶಕದ ಗುಂಡು ಮೈಯ ಫಿಯಟ್ಟಿಗೆ ಮುಂಬಯಿಯವರು ಡುಕ್ಕರ್ ಎಂದು ಹೆಸರಿಟ್ಟಿದ್ದರು, ಮರಾಠಿಯಲ್ಲಿ ಹಂದಿ. ಅದೇ ಮನೆತನದಲ್ಲಿ ಮುಂದೆ ಹುಟ್ಟಿದವಳಿಗೆ ಚಿತ್ತೋಡದ ರಾಣಿ ಪದ್ಮಿನಿಯ ಹೆಸರು. ಹಂದಿಯಿಂದ ಮಹಾರಾಣಿಯವರೆಗೆ ಇಪ್ಪತ್ತೇ ವರ್ಷದಲ್ಲಿ ಬಡ್ತಿ ಪಡೆದವರು ನಮ್ಮ ಬ್ಯಾಂಕಿನಲ್ಲೂ ಯಾರೂ ಇಲ್ಲ. ಸ್ಟಿಯರಿಂಗಿನ ಕೊರಳಿನಲ್ಲೇ ಗೇರು, ಮುಂದೆ ಉದ್ದನೆಯ ಬೆಂಚಿನಂಥ ಸೀಟು. ಆ ಸೀಟಿನಲ್ಲಿ ಡ್ರೈವರ್ ಪಕ್ಕ ಒಬ್ಬರಲ್ಲ, ಇಬ್ಬರು ಕೂತು ಎಷ್ಟು ಸಂಸಾರಗಳು ದಾದರಿನಲ್ಲಿ ರೈಲು ಹಿಡಿದಿಲ್ಲ! ಸಿಎನ್‌ಜಿ ಬಂದ ಮೇಲೆ ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿತು, ನಮ್ಮ ಪೆಟ್ಟಿಗೆಗಳು ಮಾಡಿನ ಮೇಲಿನ ಕ್ಯಾರಿಯರಿಗೆ ಹತ್ತಿದವು. ಊರಿಂದ ತಂದ ಹಲಸಿನ ಹಪ್ಪಳದ ಡಬ್ಬವನ್ನು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಡಿದುಕೊಂಡೇ ನಾನು ಅಂಧೇರಿ ತಲುಪಿದ್ದೇನೆ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯ ಎಂಬ ಲೆಕ್ಕದಲ್ಲಿ 2023ರ ಅಕ್ಟೋಬರಿಗೆ ಆ ಜಾತಿ ಮುಗಿಯಿತು. ಅವತ್ತು ರಾಯರು ಚಹಾ ಬೇಡ ಅಂದರು.

ಇನ್ನು ನನ್ನ ಭಾವನ ಮಗ. ಅವನದು ಥಾರ್. ಹೊಸದು, ಮೂರು ಬಾಗಿಲಿನದು, ಟಯರುಗಳು ನಮ್ಮ ಮದುವೆಯ ಚಪ್ಪರದ ಕಂಬಕ್ಕಿಂತ ದಪ್ಪ. ಅದು 650 ಮಿಲಿಮೀಟರ್ ನೀರಿನಲ್ಲಿ ಇಳಿದು ಹೋಗುತ್ತದೆ, ಫೋರ್ ಬೈ ಫೋರ್ ಉಂಟು, ಲೋ ಗೇರ್ ಬೇರೆ ಉಂಟು. ಅದರಲ್ಲಿ ಅವನು ಪ್ರತಿದಿನ ಲೋಖಂಡ್‌ವಾಲಾದ ಕಾಫಿ ಅಂಗಡಿಗೆ ಹೋಗಿ ಬರುತ್ತಾನೆ. ಮಾರುತಿ ಜಿಪ್ಸಿಯನ್ನು ಹೊಗಳಿದರೆ "ಅದು ಮಿಲಿಟರಿಯವರಿಗೆ ಮಾಮ" ಎನ್ನುತ್ತಾನೆ. ಜಿಮ್ನಿ ಅವನ ಪ್ರಕಾರ ಥಾರಿನ ಕೀ ಚೈನು.

ಹೋದ ವರ್ಷ ಮಾಟುಂಗಾದಲ್ಲಿ ಮದುವೆ. "ದೊಡ್ಡಮ್ಮನನ್ನು ನಾನು ಕರ್ಕೊಂಡು ಹೋಗ್ತೇನೆ" ಎಂದು ಅವನೇ ಮುಂದೆ ಬಂದ. ದೊಡ್ಡಮ್ಮನಿಗೆ ಎಪ್ಪತ್ತೆರಡು, ಎರಡೂ ಮಂಡಿ ನೋವು, ಉಟ್ಟದ್ದು ಕಾಂಜೀವರಂ. ಮುಂದಿನ ಸೀಟಿನಲ್ಲಿ ಆಗಲೇ ತಾಂಬೂಲದ ತೆಂಗಿನಕಾಯಿ ಚೀಲ ಕೂತಿತ್ತು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ ಬಗ್ಗಿ ನುಗ್ಗಬೇಕು. ಮೊದಲು ಚೀಲ ಇಳಿಯಿತು. ಆಮೇಲೆ ಪ್ಲಾಸ್ಟಿಕ್ ಸ್ಟೂಲು ಬಂತು. ದೊಡ್ಡಮ್ಮ ಬಲಗಾಲು ಇಟ್ಟರು, ಸೀರೆಯ ನೆರಿಗೆ ಎಡಗಾಲಿನ ಕೆಳಗೆ ಉಳಿಯಿತು. ವಾಚ್‌ಮನ್ ಹಿಂದಿನಿಂದ ತಳ್ಳುವುದೋ ಬೇಡವೋ ಎಂದು ಕೈ ಮುಂದೆ ಮಾಡಿ ಹಿಂದೆ ಎಳೆದುಕೊಂಡ. ಅಂತೂ ಹತ್ತಿದರು. ಹಾಲಿನ ಬಾಗಿಲಲ್ಲಿ ಇಳಿಯುವ ಪ್ರಸಂಗ ಬಂದಾಗ ಅವರು ಒಮ್ಮೆ ಹೊರಗೆ, ಒಮ್ಮೆ ನೆಲಕ್ಕೆ ನೋಡಿ, "ಇಲ್ಲ ಮಗಾ, ಊಟ ಇಲ್ಲಿಗೇ ಕಳುಹಿಸು. ಮದುಮಕ್ಕಳೂ ಬೇಕಾದರೆ ಇಲ್ಲಿಗೇ ಬರಲಿ, ಆಶೀರ್ವಾದ ಮಾಡುತ್ತೇನೆ" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಕಾರು ಬಂದರೂ ಮೊದಲ ಪರೀಕ್ಷೆ ನನ್ನ ಹೆಂಡತಿಯದು: ಸೀರೆ ಉಟ್ಟು ಹತ್ತಿ ಇಳಿಯಲಿಕ್ಕೆ ಆಗುತ್ತದೋ ಇಲ್ಲವೋ. ಆ ಪರೀಕ್ಷೆಯಲ್ಲಿ ನನ್ನ ಗೋದ್ರೇಜ್ ಕಪಾಟು ಡಿಸ್ಟಿಂಕ್ಷನ್.

ನಿಜವಾದ ಫೋರ್ ಬೈ ಫೋರ್ ಡ್ರೈವರನ್ನು ನಾನು ನೋಡಿದ್ದು ಕೊಡಚಾದ್ರಿಯಲ್ಲಿ. ಕೊಲ್ಲೂರಿನಲ್ಲಿ ದೇವಿಯ ದರ್ಶನ ಮುಗಿಸಿ, ಜೀಪಿಗೆ ಎಂಟು ಜನರಂತೆ ತುಂಬಿ, ಬೆಟ್ಟ ಹತ್ತಿದೆವು. ಮಹೀಂದ್ರದ ಹಳೇ ಜೀಪು. ಕೆಂಪು ಮಣ್ಣು ಜೀಪಿನ ಬಣ್ಣವೋ, ಜೀಪಿನ ಬಣ್ಣ ಕೆಂಪು ಮಣ್ಣೋ ಹೇಳುವಂತಿರಲಿಲ್ಲ. ದಾರಿ ಎನ್ನುವುದು ಮಳೆನೀರು ಕೊರೆದಿಟ್ಟ ಕಲ್ಲಿನ ಮೆಟ್ಟಿಲು. ಡ್ರೈವರಿನ ಕಾಲಲ್ಲಿ ಹವಾಯಿ ಚಪ್ಪಲಿ, ಅದರಲ್ಲೂ ಒಂದರ ಬಾರಿಗೆ ಪಿನ್ನು ಚುಚ್ಚಿತ್ತು. "ಗಟ್ಟಿ ಹಿಡ್ಕಣಿ" ಎಂದು ಒಂದೇ ಮಾತು ಹೇಳಿದ. ಆಮೇಲೆ ಎಡಗೈಯಲ್ಲಿ ಗೇರು, ಬಲಗೈಯಲ್ಲಿ ಸ್ಟಿಯರಿಂಗು, ಬಾಯಲ್ಲಿ ಕವಳ. ಜೀಪು ಒಮ್ಮೆ ಎಡಕ್ಕೆ ಮಾಲಿದಾಗ ನಾನು ಕಣಿವೆಯೊಳಗೆ ಅಡಿಕೆ ತೋಟ ಕಂಡೆ, ಬಲಕ್ಕೆ ಮಾಲಿದಾಗ ಪಕ್ಕದವರ ಹಲ್ಲಿನ ಬಂಗಾರ ಕಂಡೆ. 1343 ಮೀಟರ್ ಬೆಟ್ಟದ ನೆತ್ತಿಯ ಹತ್ತಿರ ಇಳಿಸಿದ ಮೇಲೆ, ತಜ್ಞನ ಬಾಯಿಂದ ಒಂದು ಅಭಿಪ್ರಾಯ ಸಿಕ್ಕರೆ ಅಂಧೇರಿಯಲ್ಲಿ ಹೇಳಬಹುದೆಂದು, "ಇಷ್ಟು ವರ್ಷ ಓಡಿಸಿದ್ದೀರಿ, ನಿಮ್ಮ ಪ್ರಕಾರ ಯಾವ ಗಾಡಿ ಒಳ್ಳೇದು?" ಎಂದು ಕೇಳಿದೆ. ಅವನು ಕವಳ ಉಗುಳಿ, ಸ್ವಲ್ಪ ಯೋಚಿಸಿ, "ಕಂತು ಮುಗದ್ದ್" ಅಂದ.

ಇದನ್ನು ಭಾನುವಾರ ಸಭೆಯಲ್ಲಿ ಹೇಳಿದಾಗ ಭಾವನ ಮಗ ಒಬ್ಬ ನಗಲಿಲ್ಲ. ಅವನ ಥಾರಿನ ಕಂತು ಇನ್ನೂ ಐದು ವರ್ಷ ಉಂಟು.

ಹಾಗೆಂದು ಅಂಧೇರಿಯಲ್ಲಿ ಬೆಟ್ಟಗುಡ್ಡದ ಗಾಡಿಗೆ ಕೆಲಸವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದೊಡ್ಡ ಮಳೆ ಬಂದರೆ ಸಾಕು, ಅಂಧೇರಿ ಸಬ್‌ವೇ ಕೆರೆ. ಸಾಂತಾಕ್ರೂಜಿನ ಅಳತೆಯಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ 2005ರ ಜುಲೈ 26 ಕಂಡವರು ನಾವು. ಆಕಾಶ ಕಪ್ಪಾದರೆ ಇವತ್ತಿಗೂ ಕಾರು ಹೊರಗೆ ತೆಗೆಯುವುದಿಲ್ಲ. ಇನ್ನು ಸಬ್‌ವೇ ಬೇಡವೆಂದು ಮೇಲಿನಿಂದ ಹೋಗೋಣವೆಂದರೆ ಗೋಖಲೆ ಸೇತುವೆ. ಅದನ್ನು 2022ರ ನವೆಂಬರಿನಲ್ಲಿ ಮುಚ್ಚಿದರು, ಕೆಡವಿದರು, 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆದರು. ನೋಡಿದರೆ ಹೊಸ ಸೇತುವೆಗೂ ಅದಕ್ಕೆ ಕೂಡಬೇಕಾದ ಬರ್ಫೀವಾಲಾ ಮೇಲ್ಸೇತುವೆಗೂ ಹೆಚ್ಚು ಕಡಿಮೆ ಒಂದಾಳೆತ್ತರ ಅಂತರ! ಇಡೀ ಮುಂಬಯಿ ನಕ್ಕಿತು. ನಮ್ಮ ಭಾವನ ಮಗ ಮಾತ್ರ ಗಂಭೀರವಾಗಿ, "ಲೋ ಗೇರಿಗೆ ಹಾಕಿದರೆ ಟ್ರೈ ಮಾಡಬಹುದು" ಅಂದ. ಪುಣ್ಯಕ್ಕೆ ಜುಲೈ ಹೊತ್ತಿಗೆ ಹಳೆಯದನ್ನು ಜಾಕ್ ಕೊಟ್ಟು ಎತ್ತಿ ಕೂಡಿಸಿದರು. ಸೇತುವೆಗೆ ಜಾಕ್ ಹಾಕಿದ್ದನ್ನು ಕೇಳಿ ರಾಯರಿಗೆ ಮೊದಲ ಬಾರಿ ಮಹಾನಗರಪಾಲಿಕೆಯ ಮೇಲೆ ಪ್ರೀತಿ ಹುಟ್ಟಿತು. ಪದ್ಮಿನಿಯ ಡಿಕ್ಕಿಯಲ್ಲಿ ಈಗಲೂ ಕಂಪನಿಯದೇ ಜಾಕ್ ಇದೆ.

ವಿಚಿತ್ರ ಗಾಡಿಗಳ ವಿಷಯ ಬಂದರೆ ನಾನು ಬೆಂಗಳೂರಿನ ಪಕ್ಷ. ಸಿಪಾನಿಯವರ ಬಾದಲ್ ನೋಡಿದವರು ಈಗ ಕಡಿಮೆ: ಫೈಬರ್ ಮೈ, ಮೂರೇ ಚಕ್ರ, ಕಾರು ಮಾಡಲು ಹೊರಟವರಿಗೆ ನಡುವೆ ಒಂದು ಚಕ್ರದ ದುಡ್ಡು ಕಡಿಮೆ ಬಿದ್ದಂತೆ. ಆಮೇಲೆ ಬಂದ ಡಾಲ್ಫಿನ್‌ಗೆ ನಾಲ್ಕನೆಯದೂ ಸೇರಿತು. ಅಷ್ಟರಲ್ಲಿ 1983ರ ಡಿಸೆಂಬರ್ ಬಂತು, ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು, ಡಾಲ್ಫಿನ್ ಮುಳುಗಿತು. 2001ರಲ್ಲಿ ಅದೇ ಬೆಂಗಳೂರಿನಿಂದ ರೇವಾ. ಎರಡು ಬಾಗಿಲು, ದೊಡ್ಡವರು ಇಬ್ಬರು, ಚಿಕ್ಕವರು ಇಬ್ಬರು, ಚಾರ್ಜ್ ಮಾಡಿದರೆ 80 ಕಿಲೋಮೀಟರ್. ಮೊಬೈಲು ಚಾರ್ಜ್ ಮಾಡುವುದೇ ಹೊಸತಾಗಿದ್ದ ಕಾಲದಲ್ಲಿ ಕಾರು ಚಾರ್ಜಿಗೆ ಇಡಿ ಎಂದರೆ ಯಾರು ಕೇಳುತ್ತಾರೆ? ಈಗ ಮೂರನೇ ಮಹಡಿಯ ಭಾಯಿ ಮೊದಲ ಮಹಡಿಯ ಕಿಟಕಿಯವರೆಗೆ ವಯರು ಎಳೆದು ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುತ್ತಾ, ತಾನೇ ಕರೆಂಟು ಕಂಡುಹಿಡಿದವನ ಹಾಗೆ ಓಡಾಡುತ್ತಾನೆ. ಅವನಿಗೆ ನಾನು ರೇವಾದ ಕಥೆ ಹೇಳಿದಾಗ "ಅಚ್ಛಾ?" ಎಂದು ಒಂದೇ ಶಬ್ದದಲ್ಲಿ ಮುಗಿಸಿದ. ಸೊಸೈಟಿಯ ಮೀಟರಿನ ವಿಷಯ ತೆಗೆದ ಕೂಡಲೇ ಹೊರಟೇಹೋದ.

ಶೆಟ್ರಿಗೆ ಪ್ರೀತಿ ನ್ಯಾನೋ ಮೇಲೆ. ಇಂಜಿನ್ನು ಹಿಂದೆ, ಒಂದೇ ವೈಪರು, ಚಕ್ರಕ್ಕೆ ಮೂರೇ ನಟ್ಟು, ಮೊದಮೊದಲು ಬಂದವುಗಳಲ್ಲಿ ಡಿಕ್ಕಿಗೆ ಹೊರಗಿನಿಂದ ಬಾಗಿಲೇ ಇರಲಿಲ್ಲ. "ಒಳ್ಳೇ ಹೋಟೆಲಿನ ಲೆಕ್ಕ ಅದು" ಎನ್ನುತ್ತಾರೆ ಅವರು. "ಗಿರಾಕಿ ಕೇಳದ್ದನ್ನು ಬಡಿಸಬಾರದು. ಆದರೆ ಅಗ್ಗದ ಊಟ ಅಂತ ಬೋರ್ಡು ಹಾಕಿದ್ದೇ ತಪ್ಪಾಯ್ತು. ಆ ಬೋರ್ಡು ನೋಡಿದ ಮೇಲೆ ಮಾನವಂತರು ಒಳಗೆ ಬರ್ತಾರಾ?" ನ್ಯಾನೋ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದೇ. ಹೇಳಿದವರಿಗೆ ಡ್ರೈವಿಂಗೇ ಬರುವುದಿಲ್ಲ.

ರಿಕ್ಷಾದ ಭೈಯಾನಿಗೆ ಈ ಎಲ್ಲ ಚರ್ಚೆಯಲ್ಲಿ ಆಸಕ್ತಿ ಒಂದೇ. ಯಾವ ಗಾಡಿ ಬಂದರೂ ಕಿಟಕಿಯಿಂದ ಕೈ ಹಾಕಿ ಡ್ರೈವರ್ ಸೀಟನ್ನು ಒತ್ತಿ ನೋಡುತ್ತಾನೆ, ಹಲಸಿನ ಹಣ್ಣು ಒತ್ತಿ ನೋಡಿದಂತೆ. ದಿನಕ್ಕೆ ಹನ್ನೆರಡು ಗಂಟೆ ಕೂರುವವನು ಅವನೊಬ್ಬನೇ.

ಈ ಮಳೆಗಾಲಕ್ಕೆ ಮುಂಚೆ ನೀರಿನ ಟ್ಯಾಂಕಿ ಸೋರಿತು. ರಿಪೇರಿಗೆ ಜಾಗ ಬೇಕು, ಪದ್ಮಿನಿಯನ್ನು ಹತ್ತಡಿ ಆಚೆ ಸರಿಸಿ ಎಂದು ಸೆಕ್ರೆಟರಿ ನೋಟೀಸು ಹಚ್ಚಿದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಭಂಗಾರದವನ ನಂಬರು ಬೇಕಾದರೆ ಕೊಡಲಾಗುವುದು ಎಂದೂ ಬರೆದಿದ್ದರು. ರಾಯರು ಆ ಸಾಲನ್ನು ಓದಲೇ ಇಲ್ಲ ಎಂಬಂತೆ ಓದಿದರು. ಭಾನುವಾರ ಬೆಳಿಗ್ಗೆ ಅವರು ಶರ್ಟು ಇನ್ ಮಾಡಿಕೊಂಡು, ಬೆಲ್ಟು ಹಾಕಿಕೊಂಡು ಬಂದರು. ಚಹಾದ ಗ್ಲಾಸುಗಳನ್ನು ನೆಲಕ್ಕಿಳಿಸಿದೆವು. ಬಾನೆಟ್ಟಿನ ಮೇಲೆ ಗ್ಲಾಸಿನ ಉಂಗುರಗಳು, ಎಷ್ಟೋ ಭಾನುವಾರದವು, ಒಂದರ ಮೇಲೊಂದು ಬಿದ್ದಿದ್ದವು. ರಾಯರು ಒಳಗೆ ಕೂತು, ಕನ್ನಡಿ ಸರಿಮಾಡಿ, ಸ್ಟಿಯರಿಂಗಿನ ಪಕ್ಕದ ಗೇರನ್ನು ನ್ಯೂಟ್ರಲಿಗೆ ತಂದು, ಹಾರ್ನ್ ಒತ್ತಿದರು. ಬ್ಯಾಟರಿ ಇಲ್ಲದ್ದರಿಂದ ಬಾಯಲ್ಲೇ "ಹ್ಞೂಂ" ಅಂದರು.

ಥಾರ್ ಒಂದು ಮೂಲೆ ಹಿಡಿಯಿತು, ಎಲೆಕ್ಟ್ರಿಕ್ ಇನ್ನೊಂದು ಮೂಲೆ. ನಡುವೆ ಶೆಟ್ರು ಮತ್ತು ನಾನು. ವಾಚ್‌ಮನ್, ಹಾಲಿನವನು, ಇಸ್ತ್ರಿಯವನು ಸೇರಿದರು. ಭೈಯಾ ರಿಕ್ಷಾ ಬಿಟ್ಟು ಬಂದ. ಕಾರು ಮೊದಲು ನಾವು ಯಾರೂ ಇಲ್ಲವೆಂಬಂತೆ ನಿಂತಿತು. ಮತ್ತೊಮ್ಮೆ ದಮ್ಮು ಕಟ್ಟಿದೆವು. ಟಯರು ನೆಲದಿಂದ ಬಿಡಿಸಿಕೊಂಡು ಕರ್ರ್ ಎಂದಿತು, ಕೆಳಗಿನಿಂದ ಒಂದು ಬೆಕ್ಕು ಮೂರು ಮರಿಗಳ ಸಮೇತ ಹೊರಬಿತ್ತು, ಪದ್ಮಿನಿ ಹೊರಟಿತು. ಎರಡನೇ ಮಹಡಿಯ ಬಾಲ್ಕನಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

ಗೇಟಿನಲ್ಲಿ ತರಕಾರಿ ಗಾಡಿಯವನು ನಿಂತು ನೋಡುತ್ತಿದ್ದ. ಹೊಸಬ, ಈ ಕಾರನ್ನು ಅವನು ಕಂಡದ್ದು ಅಂದೇ ಇರಬೇಕು. ಹತ್ತಿರ ಬಂದು, ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, ಈ ದೇಶದಲ್ಲಿ ಯಾವ ಗಾಡಿ ಕಂಡರೂ ಕೇಳುವುದನ್ನೇ ಕೇಳಿದ: "ಸಾಬ್, ಕಿತನಾ ದೇತಿ ಹೈ?"

ರಾಯರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನಮ್ಮನ್ನೊಮ್ಮೆ ಎಣಿಸಿದರು. "ಎಂಟು ಜನಕ್ಕೆ ಹತ್ತಡಿ" ಎಂದು ಕನ್ನಡದಲ್ಲೇ ಹೇಳಿ, ಎಡಕ್ಕೆ ಕೈ ತೋರಿಸಿ, ಸ್ಟಿಯರಿಂಗ್ ತಿರುಗಿಸಿದರು.